ಕಾನ್‌ಕ್ಯಾಟಿನೇಟಿವ್ ಭಾಷೆ ಎಂದರೆ ಸ್ಟ್ಯಾಕ್ ಇರುವ ಭಾಷೆ ಎಂದಷ್ಟೇ ಅರ್ಥವೇ? ಕನ್ನಡ ಪದಗಳ ಪುಟ್ಟ ಭಾಷೆಯೊಂದರ ವಿನ್ಯಾಸ

ಪ್ರಶ್ನೆ: ಅಧ್ಯಾಪಕಿ, ತುಮಕೂರು

ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪೈಲರ್ ವಿಷಯವನ್ನು ಬೋಧಿಸುತ್ತಿದ್ದೇನೆ. ಈ ಸಲ ಅಂತಿಮ ವರ್ಷದ ಒಂದು ತಂಡವು ಪ್ರಾಜೆಕ್ಟಿಗಾಗಿ ಸ್ವಂತದ್ದೊಂದು ಪ್ರೋಗ್ರಾಮಿಂಗ್ ಭಾಷೆಯನ್ನೇ ರೂಪಿಸಲು ಹೊರಟಿದೆ. ತಂಡದವರೆಲ್ಲ ಗುಬ್ಬಿ, ಕೊರಟಗೆರೆ, ಮಧುಗಿರಿ ಕಡೆಯ ಹಳ್ಳಿಗಳಿಂದ ಬಂದವರು, ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಭಾಷೆಯ ಪದಗಳೆಲ್ಲ ಕನ್ನಡದಲ್ಲೇ ಇರಬೇಕು, ತಮ್ಮೂರಿನ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಕೂತು ಬಳಸುವಂತಿರಬೇಕು ಎಂಬುದು ಅವರ ಹಂಬಲ. ಆ ಹಂಬಲ ನನ್ನದೂ ಹೌದು. ಪಠ್ಯದ ವ್ಯಾಕರಣ ಬಿಡಿಸುವ ಪಾರ್ಸರ್ ಬರೆಯುವುದರಲ್ಲೇ ಸೆಮಿಸ್ಟರ್ ಕಳೆದುಹೋಗದಂಥ ಸರಳ ವ್ಯಾಕರಣ ಬೇಕಾಗಿದ್ದರಿಂದ ಫೋರ್ತ್ ಮತ್ತು ಜಾಯ್ ಭಾಷೆಗಳ ಜಾಡು ಹಿಡಿದಿದ್ದೇವೆ. ಸದ್ಯಕ್ಕೆ ಇಷ್ಟು ಕೆಲಸ ಮಾಡುತ್ತಿದೆ:

ಪದ ವರ್ಗ : ನಕಲು * ;
7 ವರ್ಗ

7 ಸ್ಟ್ಯಾಕಿನ (ಬೆಲೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲಿನಿಂದಲೇ ತೆಗೆಯುವ ರಾಶಿಯ) ಮೇಲೆ ಕೂರುತ್ತದೆ, "ನಕಲು" ಅದರ ಇನ್ನೊಂದು ಪ್ರತಿಯನ್ನು ಇಡುತ್ತದೆ, "*" ಎರಡನ್ನೂ ತೆಗೆದುಕೊಂಡು 49 ಇಡುತ್ತದೆ. ಇದರ ಜೊತೆಗೆ ಮೇಲಿನ ಎರಡರ ಸ್ಥಾನ ಬದಲಿಸುವ "ಅದಲುಬದಲು", ಮೇಲಿನದನ್ನು ಎಸೆಯುವ "ಬಿಡು", ಮತ್ತು ಅಂಕಗಣಿತದ ಚಿಹ್ನೆಗಳು ಇವೆ.

ಇಲ್ಲಿಂದ ಮುಂದಕ್ಕೆ ನಮ್ಮ ವಿಭಾಗದಲ್ಲೇ ಭಿನ್ನಾಭಿಪ್ರಾಯವಿದೆ. ಹಿರಿಯ ಸಹೋದ್ಯೋಗಿಯೊಬ್ಬರ ವಾದವೆಂದರೆ, ಸ್ಟ್ಯಾಕ್ ಇದ್ದು ಪೋಸ್ಟ್‌ಫಿಕ್ಸ್ ಕ್ರಮದಲ್ಲಿ, ಅಂದರೆ ಕ್ರಿಯೆಯ ಚಿಹ್ನೆ ಕೊನೆಗೆ ಬರುವಂತೆ, ಬರೆದರೆ ಅದೇ ಕಾನ್‌ಕ್ಯಾಟಿನೇಟಿವ್ ಭಾಷೆ. ತರ್ಕಶಾಸ್ತ್ರಜ್ಞ ಲುಕಾಸಿವಿಚ್ ಅವರ, ಕ್ರಿಯೆಯ ಚಿಹ್ನೆ ಮೊದಲು ಬರುವ ಪೋಲಿಷ್ ಸಂಕೇತವನ್ನು ತಿರುಗಿಸಿ, 1972ರ ಎಚ್‌ಪಿ-35 ಕ್ಯಾಲ್ಕ್ಯುಲೇಟರಿನಲ್ಲೇ ಬಂದದ್ದಕ್ಕೆ ಈಗ ಹೊಸ ಹೆಸರು ಕೊಟ್ಟಿದ್ದಾರೆ, ಅಷ್ಟೆ. ಇನ್ನೊಬ್ಬರು, ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪೋಸ್ಟ್‌ಫಿಕ್ಸ್ ನಮ್ಮ ಮಕ್ಕಳಿಗೆ ಸಹಜ, ಅಷ್ಟು ಸಾಕು, ವ್ಯಾಖ್ಯೆಯ ಗೋಜಿಗೆ ಹೋಗಬೇಡಿ ಎನ್ನುತ್ತಾರೆ. ನನಗೆ ಎರಡೂ ಸಮಾಧಾನ ತಂದಿಲ್ಲ. ಷರತ್ತನ್ನು ಹೇಗೆ ಬರೆಯುವುದು, ಹೆಸರಿರುವ ಚರಗಳನ್ನು ಒಳಗೆ ಬಿಟ್ಟುಕೊಳ್ಳಬೇಕೇ, ಪ್ರೋಗ್ರಾಮ್ ಓಡುವ ಮೊದಲೇ ತಪ್ಪು ಹಿಡಿಯಲು ಸಾಧ್ಯವೇ ಎಂಬ ತೀರ್ಮಾನಗಳು ಎದುರಿಗೆ ನಿಂತಿವೆ. ಈ ಜಾತಿಯ ಭಾಷೆಯ ಮೂಲ ಗುಣ ಯಾವುದೆಂದು ಖಚಿತವಾಗದೆ ಅವುಗಳಲ್ಲಿ ಒಂದನ್ನೂ ತೆಗೆದುಕೊಳ್ಳುವುದು ಸರಿಯಲ್ಲ ಎನ್ನಿಸುತ್ತದೆ. ಈ ವಿಷಯದಲ್ಲಿ ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಕಂಪೈಲರ್ ಕೆಲಸದವನು, ಚಿಕ್ಕಬಳ್ಳಾಪುರ

ಸ್ಟ್ಯಾಕ್ ಇದೆಯೋ ಇಲ್ಲವೋ ಎಂಬುದನ್ನು ಬದಿಗಿಟ್ಟು ಒಂದೇ ಒಂದು ಪ್ರಶ್ನೆಯನ್ನು ಕೇಳಿ: ಈ ಭಾಷೆಯಲ್ಲಿ ಎರಡು ತುಣುಕುಗಳನ್ನು ಅಕ್ಕಪಕ್ಕ ಬರೆದರೆ ಅದರ ಅರ್ಥವೇನು? ನಾವು ಸಾಮಾನ್ಯವಾಗಿ ಬಳಸುವ ಭಾಷೆಗಳಲ್ಲಿ ಮೂಲಕ್ರಿಯೆಯೆಂದರೆ ಫಂಕ್ಷನ್ನನ್ನು ಒಂದು ಬೆಲೆಗೆ ಅನ್ವಯಿಸುವುದು. ಕಾನ್‌ಕ್ಯಾಟಿನೇಟಿವ್ ಭಾಷೆಯಲ್ಲಿ ಮೂಲಕ್ರಿಯೆಯೆಂದರೆ ಫಂಕ್ಷನ್ನುಗಳ ಸಂಯೋಜನೆ. ಪ್ರತಿಯೊಂದು ಪದವೂ ಇಡೀ ಸ್ಟ್ಯಾಕನ್ನು ಪಡೆದು ಇಡೀ ಸ್ಟ್ಯಾಕನ್ನು ಮರಳಿಸುವ ಒಂದು ಫಂಕ್ಷನ್. ಪದಗಳನ್ನು ಒಂದರ ಪಕ್ಕ ಒಂದು ಬರೆದರೆ, ಮೊದಲನೆಯದರ ಫಲವನ್ನು ಎರಡನೆಯದಕ್ಕೆ ಉಣಿಸುವ ಹೊಸ ಫಂಕ್ಷನ್ ಸಿಗುತ್ತದೆ. 7 ಎಂಬುದು ಕೂಡ ಇಲ್ಲಿ ಸಂಖ್ಯೆಯಲ್ಲ, ಸ್ಟ್ಯಾಕಿನ ಮೇಲೆ ಏಳನ್ನು ಇಡುವ ಫಂಕ್ಷನ್. ಏನನ್ನೂ ಬರೆಯದ ಖಾಲಿ ಪ್ರೋಗ್ರಾಮಿಗೂ ಅರ್ಥವಿದೆ: ಸ್ಟ್ಯಾಕನ್ನು ಇದ್ದಂತೆಯೇ ಮರಳಿಸುವುದು. ಪಠ್ಯವನ್ನು ಜೋಡಿಸಿದರೆ ಅರ್ಥಗಳು ಸಂಯೋಜನೆಗೊಳ್ಳುತ್ತವೆ. ಗಣಿತದ ಮಾತಿನಲ್ಲಿ ಹೇಳುವುದಾದರೆ, ಪ್ರೋಗ್ರಾಮುಗಳ ಪಠ್ಯವೂ ಮೊನಾಯ್ಡ್ (ಎಲ್ಲಿ ಆವರಣ ಹಾಕಿದರೂ ಫಲ ಬದಲಾಗದ ಜೋಡಣೆ ಮತ್ತು ಏನನ್ನೂ ಬದಲಿಸದ ಖಾಲಿ ಅಂಶ ಇರುವ ರಚನೆ), ಅವುಗಳ ಅರ್ಥವೂ ಮೊನಾಯ್ಡ್, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಹೋಮೊಮಾರ್ಫಿಸಂ, ಅಂದರೆ ಜೋಡಣೆಯನ್ನು ಕೆಡಿಸದ ಹೊಂದಾಣಿಕೆ. ವ್ಯಾಖ್ಯೆ ಇಷ್ಟೇ, ಆದರೆ ಇದರಿಂದ ಹೊರಡುವುದು ಬಹಳವಿದೆ.

ಮೊದಲನೆಯದಾಗಿ, ಎರಡು ಪದಗಳ ನಡುವೆ ಎಲ್ಲಿ ಬೇಕಾದರೂ ಕತ್ತರಿಸಬಹುದು, ಕತ್ತರಿಸಿದ ತುಣುಕು ತಾನೇ ಒಂದು ಪ್ರೋಗ್ರಾಮ್ ಆಗಿರುತ್ತದೆ. ತರಗತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಲು ತಕ್ಕ ಉದಾಹರಣೆ ಇದು. 4 * 2 + 3 ಎಂಬುದರ ಬೆಲೆ 11. ಇದರಿಂದ "2 + 3" ಎಂಬ ಭಾಗವನ್ನು ಕತ್ತರಿಸಿ ಬೇರೆ ಹೆಸರು ಕೊಟ್ಟು ಅದೇ ಜಾಗದಲ್ಲಿ ಆ ಹೆಸರನ್ನಿಟ್ಟರೆ ಉತ್ತರ 20 ಆಗಿಬಿಡುತ್ತದೆ. "+ 3" ಎಂಬ ತುಣುಕಿಗಂತೂ ಸ್ವಂತ ಅರ್ಥವೇ ಇಲ್ಲ. ಅದನ್ನೇ 4 2 * 3 + ಎಂದು ಬರೆಯಿರಿ. "2 *" ಎಂದರೆ ಇಮ್ಮಡಿಸು, "3 +" ಎಂದರೆ ಮೂರು ಕೂಡಿಸು, "2 * 3 +" ಎಂದರೆ ಇಮ್ಮಡಿಸಿ ಮೂರು ಕೂಡಿಸು. "* 3" ಎಂಬ ವಿಚಿತ್ರ ತುಣುಕಿಗೂ ಅರ್ಥವಿದೆ, ಮೇಲಿನ ಎರಡನ್ನು ಗುಣಿಸಿ ಅದರ ಮೇಲೆ ಮೂರನ್ನಿಡು ಎಂದು. ಯಾವ ತುಣುಕಿಗೆ ಬೇಕಾದರೂ ಹೆಸರು ಕೊಟ್ಟು ಮರಳಿ ಅಲ್ಲೇ ಕೂರಿಸಿದರೆ ಪ್ರೋಗ್ರಾಮಿನ ಅರ್ಥ ಎಳ್ಳಷ್ಟೂ ಬದಲಾಗುವುದಿಲ್ಲ. ಈ ಬಳಗದ ಭಾಷೆಗಳ ನಿಜವಾದ ಸಂಪತ್ತು ಇದು. ನಿಮ್ಮ ಪ್ರತಿಯೊಂದು ತೀರ್ಮಾನವನ್ನೂ, ಇದರಿಂದ ಕತ್ತರಿಸುವ ಸ್ವಾತಂತ್ರ್ಯಕ್ಕೆ ಧಕ್ಕೆ ಬರುತ್ತದೆಯೇ ಎಂಬ ಒಂದೇ ಒರೆಗಲ್ಲಿಗೆ ತಿಕ್ಕಿ ನೋಡಿ.

ಹಾಗಾದರೆ ನಿಮ್ಮ ಹಿರಿಯ ಸಹೋದ್ಯೋಗಿಯವರ ಮಾತು ಎಲ್ಲಿ ನಿಲ್ಲುತ್ತದೆ? ಪೋಸ್ಟ್‌ಫಿಕ್ಸ್ ಎನ್ನುವುದು ಬರವಣಿಗೆಯ ಕ್ರಮ. ಬಲದಿಂದ ಎಡಕ್ಕೆ ಓದುವ ಭಾಷೆಯೂ ಕಾನ್‌ಕ್ಯಾಟಿನೇಟಿವ್ ಆಗಿರಬಹುದು, ಸಂಯೋಜನೆಯ ದಿಕ್ಕು ಮಾತ್ರ ತಿರುಗುತ್ತದೆ. ಸ್ಟ್ಯಾಕ್ ಎನ್ನುವುದು ಫಂಕ್ಷನ್ನುಗಳ ನಡುವೆ ಓಡಾಡುವ ದತ್ತಾಂಶದ ಆಕಾರ. ಅದರ ಬದಲು ಬೇರೆ ರಚನೆಯನ್ನಿಟ್ಟರೂ ವ್ಯಾಖ್ಯೆ ಮುರಿಯುವುದಿಲ್ಲ. ಇನ್ನೊಂದು ಕಡೆ, ಜಾವಾ ವರ್ಚುವಲ್ ಮೆಷಿನ್ ಸ್ಟ್ಯಾಕ್ ಯಂತ್ರವೇ ಆದರೂ ಅದರ ಆದೇಶಭಾಷೆಯಾದ ಬೈಟ್‌ಕೋಡಿನಲ್ಲಿ ಸಂಖ್ಯೆ ಹಚ್ಚಿದ ಸ್ಥಳೀಯ ಚರಗಳೂ ನಿರ್ದಿಷ್ಟ ವಿಳಾಸಕ್ಕೆ ನೆಗೆಯುವ ಆದೇಶಗಳೂ ಇರುವುದರಿಂದ ಅದನ್ನು ಮನಬಂದಲ್ಲಿ ಕತ್ತರಿಸಲಾಗದು. ಕ್ರಿಯಾಪದದ ವಾದವೂ ಹೀಗೆಯೇ. ಮೊದಲ ವಾರ ಮಕ್ಕಳ ಸಂಕೋಚ ಬಿಡಿಸಲು ಅದು ಖಂಡಿತ ನೆರವಾಗುತ್ತದೆ, ಆದರೆ ಷರತ್ತನ್ನು ಹೇಗೆ ಬರೆಯಬೇಕೆಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗದು.

ಈ ಹೆಸರನ್ನು ಚಲಾವಣೆಗೆ ತಂದವರು ಬಿಲ್ಲಿ ಟ್ಯಾಂಕ್ಸ್‌ಲಿ. ಅದಕ್ಕೆ ಗಟ್ಟಿ ತಳಹದಿ ಒದಗಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿದ್ದ ಮ್ಯಾನ್‌ಫ್ರೆಡ್ ಫಾನ್ ಥುನ್ ಅವರ ಜಾಯ್ ಭಾಷೆಯಿಂದ. ಅವರು ತತ್ತ್ವಶಾಸ್ತ್ರದ ಹಿನ್ನೆಲೆಯವರು ಎಂಬುದು ಆ ಭಾಷೆಯ ಚಿಂತನಕ್ರಮದಲ್ಲೇ ಕಾಣುತ್ತದೆ. ಅದರ ಹಿಂದೆ 1924ರಲ್ಲಿ ಶೋನ್‌ಫಿಂಕೆಲ್ ಆರಂಭಿಸಿ ಹ್ಯಾಸ್ಕೆಲ್ ಕರಿ ಬೆಳೆಸಿದ, ಚರಗಳ ಬದಲು ಮೂಲ ಫಂಕ್ಷನ್ನುಗಳನ್ನೇ ಜೋಡಿಸುವ ಕಾಂಬಿನೇಟರ್ ತರ್ಕವಿದೆ, ಜಾನ್ ಬ್ಯಾಕಸ್ 1977ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಮುಂದಿಟ್ಟ, ಚರಗಳ ಹಂಗಿಲ್ಲದೆ ಫಂಕ್ಷನ್ನುಗಳನ್ನು ಕಟ್ಟುವ ಆಲೋಚನೆಯಿದೆ. ಕ್ಯಾಲ್ಕ್ಯುಲೇಟರಿನ ವಂಶ ಒಂದು, ಈ ತರ್ಕದ ವಂಶ ಇನ್ನೊಂದು. ಎರಡೂ ಸೇರಿದಾಗ ಈ ಭಾಷೆಗಳು ಹುಟ್ಟಿದವು.

ಈಗ ಷರತ್ತಿನ ವಿಷಯ. ಫೋರ್ತ್‌ನಲ್ಲಿ ಇಫ್ ಮತ್ತು ದೆನ್ ಎಂಬ ಪದಗಳು ಕಂಪೈಲ್ ಆಗುವ ಹೊತ್ತಿನಲ್ಲೇ ಕೆಲಸ ಮಾಡಿ ನೆಗೆತದ ವಿಳಾಸಗಳನ್ನು ತುಂಬುತ್ತವೆ. ಇಫ್ ಒಂದು ತುಣುಕಿನಲ್ಲಿ, ದೆನ್ ಇನ್ನೊಂದರಲ್ಲಿ ಉಳಿಯುವಂತೆ ಕತ್ತರಿಸಿದರೆ ಎರಡೂ ಕೆಡುತ್ತವೆ. ಹೊಸ ಪದವನ್ನು ಆರಂಭಿಸುವ ಕೋಲನ್, ಚರವನ್ನು ಘೋಷಿಸುವ ವೇರಿಯೇಬಲ್ ಇವೂ ಮುಂದಿನ ಪದವನ್ನು ಪಠ್ಯದಿಂದ ನೇರವಾಗಿ ಎತ್ತಿಕೊಳ್ಳುತ್ತವೆಯೇ ಹೊರತು ಸ್ಟ್ಯಾಕಿನಿಂದಲ್ಲ. ಆದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಫೋರ್ತ್ ಪೂರ್ತಿಯಾಗಿ ಕಾನ್‌ಕ್ಯಾಟಿನೇಟಿವ್ ಅಲ್ಲ. ಜಾಯ್ ಹಿಡಿದ ದಾರಿ ಬೇರೆ: ಚೌಕಾವರಣದೊಳಗೆ ಬರೆದ ಪ್ರೋಗ್ರಾಮ್ ತಾನೇ ಒಂದು ಬೆಲೆಯಾಗಿ ಸ್ಟ್ಯಾಕಿನ ಮೇಲೆ ಕೂರುತ್ತದೆ. ಇದಕ್ಕೆ ಕೊಟೇಶನ್ ಎನ್ನುತ್ತಾರೆ. ಆಗ ಷರತ್ತೆಂಬುದು ವಿಶೇಷ ವ್ಯಾಕರಣವಲ್ಲ, ಇತರ ಪದಗಳಂಥದೇ ಒಂದು ಪದ:

ನಕಲು 0 < [0 ಅದಲುಬದಲು -] [] ಆಯ್ಕೆ

ಇದು ಋಣಸಂಖ್ಯೆಯನ್ನು ಧನವಾಗಿಸುತ್ತದೆ, ಧನವಿದ್ದರೆ ಹಾಗೆಯೇ ಬಿಡುತ್ತದೆ. "ಆಯ್ಕೆ" ಎಂಬುದು ಸ್ಟ್ಯಾಕಿನಿಂದ ಸತ್ಯಾಸತ್ಯದ ಬೆಲೆಯನ್ನೂ ಎರಡು ಕೊಟೇಶನ್‌ಗಳನ್ನೂ ತೆಗೆದುಕೊಂಡು ಒಂದನ್ನು ನಡೆಸುತ್ತದೆ. ಖಾಲಿ ಆವರಣವೂ ಇಲ್ಲಿ ಪೂರ್ಣ ಅರ್ಥವುಳ್ಳ ಪ್ರೋಗ್ರಾಮ್ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಅಂದಹಾಗೆ, 1984ರಲ್ಲಿ ಅಡೋಬಿ ಹೊರತಂದ, ಪುಟಗಳನ್ನು ವಿವರಿಸುವ ಭಾಷೆಯಾದ ಪೋಸ್ಟ್‌ಸ್ಕ್ರಿಪ್ಟ್‌ನ ಷರತ್ತು ಕೂಡ ಹೀಗೆಯೇ, ಎರಡು ಪ್ರೊಸೀಜರುಗಳನ್ನು ಸ್ಟ್ಯಾಕಿನಿಂದಲೇ ಪಡೆಯುತ್ತದೆ. ಈ ಒಂದು ವಿಷಯದಲ್ಲಿ ಅದು ಫೋರ್ತ್‌ಗಿಂತ ವ್ಯಾಖ್ಯೆಗೆ ಹತ್ತಿರ.

ಉತ್ತರ: ಎಂಬೆಡೆಡ್ ಎಂಜಿನಿಯರ್, ಕೋಲಾರ

ವ್ಯಾಖ್ಯೆಯನ್ನು ಒಪ್ಪುತ್ತೇನೆ, ಆದರೆ ಫೋರ್ತ್‌ನ ಪರವಾಗಿ ಕೆಲವು ಮಾತುಗಳನ್ನು ಹೇಳಲೇಬೇಕು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಸುತ್ತಿನ ತೋಟಗಳ ಕೊಳವೆಬಾವಿ ಮೋಟಾರುಗಳಿಗೆ ನಿಯಂತ್ರಕಗಳನ್ನು ತಯಾರಿಸುವುದು ನನ್ನ ಕೆಲಸ. ನೀರು ಆಳಕ್ಕೆ ಇಳಿದಿರುವ ನಮ್ಮ ಕಡೆ ನೀರಿಲ್ಲದೆ ಮೋಟಾರು ಓಡಿ ಸುಟ್ಟುಹೋದರೆ ಅದನ್ನು ಮೇಲಕ್ಕೆ ಎತ್ತಿಸುವ ಖರ್ಚೇ ರೈತನನ್ನು ಮುಳುಗಿಸುತ್ತದೆ. ಆದ್ದರಿಂದ ಮೂರು ಫೇಸ್‌ಗಳೂ ಬಂದಿವೆಯೇ, ಮೋಟಾರು ಎಳೆಯುವ ಕರೆಂಟ್ ತೀರ ಇಳಿದಿದೆಯೇ ಎಂಬುದನ್ನು ಚಿಕ್ಕ ಮೈಕ್ರೋಕಂಟ್ರೋಲರೊಂದು ಸದಾ ಗಮನಿಸಬೇಕಾಗುತ್ತದೆ.

ಇಂಥ ಚಿಪ್ಪಿನೊಳಗೆ ಕಂಪೈಲರೂ ಸೇರಿದಂತೆ ಇಡೀ ಫೋರ್ತ್ ವ್ಯವಸ್ಥೆ ಕೆಲವೇ ಕಿಲೋಬೈಟುಗಳಲ್ಲಿ ಕೂರುತ್ತದೆ. ಪಿಕ್ ಮತ್ತು ಎಟಿಮೆಗಾ ಚಿಪ್ಪುಗಳಿಗೆ ಫ್ಲ್ಯಾಶ್‌ಫೋರ್ತ್ ಇದೆ, ಎಂಎಸ್‌ಪಿ430ಕ್ಕೆ ಮೆಕ್ರಿಸ್ಪ್ ಇದೆ. ತೋಟದಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ ಕೂತು, ಸೀರಿಯಲ್ ಕೇಬಲ್ ಸಿಕ್ಕಿಸಿ, ಕರೆಂಟ್ ಓದುವ ಒಂದು ಪದವನ್ನು ಟೈಪ್ ಮಾಡಿದರೆ ಸಾಕು, ಆ ಕ್ಷಣದ ಬೆಲೆ ಸ್ಟ್ಯಾಕಿನ ಮೇಲೆ ಕಾಣುತ್ತದೆ. ಬೆಲೆ ಸರಿಯಿದ್ದರೆ ಅದರ ಮುಂದೆ ಇನ್ನೊಂದು ಪದ, ಅದೂ ಸರಿಯಿದ್ದರೆ ಮತ್ತೊಂದು. ಕೊನೆಗೆ ಆ ಸಾಲಿಗೆ ಹೆಸರು ಕೊಟ್ಟರೆ ಅದೇ ನಿಯಂತ್ರಕದ ಒಂದು ಭಾಗವಾಗುತ್ತದೆ. ಚಿಕ್ಕಬಳ್ಳಾಪುರದವರು ಹೇಳಿದ ಕತ್ತರಿಸಿ ಹೆಸರಿಡುವ ಗುಣವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ಈ ಕ್ರಮದಿಂದಲೇ ಕಲಿತೆವು. ಆದ್ದರಿಂದ ನಿಮ್ಮ ಭಾಷೆಗೆ ಮೊದಲ ದಿನದಿಂದಲೇ ಸಂವಾದ ರೂಪದ ಪ್ರಾಂಪ್ಟ್ ಇರಲಿ, ಪ್ರತಿ ಸಾಲಿನ ನಂತರ ಸ್ಟ್ಯಾಕ್ ತಾನಾಗಿಯೇ ಮುದ್ರಣವಾಗಲಿ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಫೋರ್ತ್ ಹುಟ್ಟಿದ್ದು ಕೂಡ ಉಪಕರಣದ ಪಕ್ಕದಲ್ಲೇ. 1970ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ರೇಡಿಯೋ ಖಗೋಳ ವೀಕ್ಷಣಾಲಯಕ್ಕಾಗಿ ಚಾರ್ಲ್ಸ್ ಮೂರ್ ಅದನ್ನು ಕಿಟ್ ಪೀಕ್‌ನ ದೂರದರ್ಶಕಕ್ಕೆ ಅಳವಡಿಸಿದರು. ನಾಲ್ಕನೆಯ ತಲೆಮಾರಿನ ಭಾಷೆಯೆಂದು ಅವರು ಇಡಬೇಕೆಂದಿದ್ದ Fourth ಎಂಬ ಹೆಸರು, ಐಬಿಎಂ 1130 ಯಂತ್ರದಲ್ಲಿ ಹೆಸರುಗಳಿಗೆ ಐದೇ ಅಕ್ಷರಗಳ ಮಿತಿಯಿದ್ದುದರಿಂದ, ಒಂದು ಅಕ್ಷರ ಕಳೆದುಕೊಂಡು ಇಂದಿನ Forth ಆಯಿತು. ಸನ್ ಕಂಪನಿಯ ಯಂತ್ರಗಳನ್ನು ಎಬ್ಬಿಸುತ್ತಿದ್ದ ಓಪನ್ ಫರ್ಮ್‌ವೇರ್ 1994ರಲ್ಲಿ ಐಟ್ರಿಪಲ್‌ಇ 1275 ಎಂಬ ಮಾನಕವಾದಾಗ ಅದರ ಭಾಷೆಯೂ ಫೋರ್ತ್ ಆಗಿತ್ತು. 2014ರ ನವೆಂಬರ್ 12ರಂದು ಧೂಮಕೇತುವಿನ ಮೇಲಿಳಿದ ಫಿಲೇ ನೌಕೆಯಲ್ಲಿದ್ದ ಆರ್‌ಟಿಎಕ್ಸ್2010 ಪ್ರೊಸೆಸರ್, ಫೋರ್ತ್ ಓಡಿಸಲೆಂದೇ ರೂಪುಗೊಂಡ ಸ್ಟ್ಯಾಕ್ ಯಂತ್ರ. ವ್ಯಾಖ್ಯೆಯ ಹೊಸ್ತಿಲಲ್ಲಿ ನಿಂತಿರುವ ಈ ಭಾಷೆಯನ್ನು ಅರೆಬರೆ ಎಂದು ವಿದ್ಯಾರ್ಥಿಗಳು ಭಾವಿಸದಿರಲಿ ಎಂಬುದಕ್ಕೆ ಇಷ್ಟು ಬರೆದೆ.

ಆದರೂ ಫೋರ್ತ್‌ನಿಂದ ನೀವು ತೆಗೆದುಕೊಳ್ಳಬಾರದ ಒಂದು ಅಂಶವಿದೆ. ಅದು ರಿಟರ್ನ್ ಸ್ಟ್ಯಾಕನ್ನು ಪ್ರೋಗ್ರಾಮರ್ ಕೈಗೆ ಕೊಡುವುದು. ಒಂದು ಬೆಲೆಯನ್ನು ತಾತ್ಕಾಲಿಕವಾಗಿ ಬದಿಗಿಡಲು ಟು-ಆರ್, ಮರಳಿ ತರಲು ಆರ್-ಫ್ರಮ್ ಎಂಬ ಪದಗಳು ಅಲ್ಲಿವೆ. ಆದರೆ ಒಂದು ಪದ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬ ವಿಳಾಸವೂ ಅದೇ ಸ್ಟ್ಯಾಕಿನಲ್ಲಿರುತ್ತದೆ. ಟು-ಆರ್ ಇರುವ ತುಣುಕನ್ನು, ಅದರ ಜೊತೆಗಾರ ಆರ್-ಫ್ರಮ್ ಅನ್ನು ಹೊರಗೆ ಬಿಟ್ಟು, ಬೇರೆ ಪದವಾಗಿ ಕತ್ತರಿಸಿದಿರೆನ್ನಿ. ಆ ಪದ ಮುಗಿಯುವಾಗ ನೀವಿಟ್ಟ ಬೆಲೆಯನ್ನೇ ವಿಳಾಸವೆಂದು ತಿಳಿದು ಚಿಪ್ಪು ಎಲ್ಲಿಗೋ ನೆಗೆಯುತ್ತದೆ. ಕತ್ತರಿಸುವ ಸ್ವಾತಂತ್ರ್ಯ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನನಗೆ ಗೊತ್ತಿಲ್ಲ.

ಮರುಪ್ರಶ್ನೆ: ಅಧ್ಯಾಪಕಿ, ತುಮಕೂರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೊಟೇಶನ್‌ಗಳನ್ನೂ ಸ್ಟ್ಯಾಕ್ ಮುದ್ರಿಸುವ ಪ್ರಾಂಪ್ಟನ್ನೂ ತಂಡದವರು ಆಗಲೇ ಅಳವಡಿಸಿದ್ದಾರೆ. ರಿಟರ್ನ್ ಸ್ಟ್ಯಾಕಿನ ಬದಲು ಜಾಯ್‌ನ ಡಿಪ್ ಎಂಬ ಪದವನ್ನು "ಒಳಗೆ" ಎಂಬ ಹೆಸರಿನಲ್ಲಿ ತಂದಿದ್ದಾರೆ: ಸ್ಟ್ಯಾಕಿನ ಮೇಲಿನ ಬೆಲೆಯನ್ನು ಪಕ್ಕಕ್ಕೆ ತೆಗೆದು, ಕೆಳಗಿರುವುದರ ಮೇಲೆ ಕೊಟೇಶನ್ನನ್ನು ನಡೆಸಿ, ಬಳಿಕ ಆ ಬೆಲೆಯನ್ನು ಮತ್ತೆ ಮೇಲಿಡುವುದು.

ಈಗ ತಂಡ ಎರಡು ಹೋಳಾಗಿರುವುದು ವರ್ಗಸಮೀಕರಣದ ಶೋಧಕದ ವಿಷಯದಲ್ಲಿ. ಎ, ಬಿ, ಸಿ ಎಂಬ ಮೂರು ಬೆಲೆಗಳು ಸ್ಟ್ಯಾಕಿನ ಮೇಲಿದ್ದರೆ ಬಿ ವರ್ಗದಿಂದ ನಾಲ್ಕು ಎಸಿಯನ್ನು ಕಳೆಯಬೇಕು. ಒಬ್ಬಳು ಹೀಗೆ ಬರೆದಿದ್ದಾಳೆ:

ಪದ ಶೋಧಕ : ಅದಲುಬದಲು ನಕಲು * [* 4 *] ಒಳಗೆ ಅದಲುಬದಲು - ;

1 5 6 ಕೊಟ್ಟರೆ ಸ್ಟ್ಯಾಕ್ ಕ್ರಮವಾಗಿ 1 6 5, ಆಮೇಲೆ 1 6 25, ಆಮೇಲೆ 24 25, ಆಮೇಲೆ 25 24 ಆಗಿ ಕೊನೆಗೆ 1 ಉಳಿಯುತ್ತದೆ. ಉತ್ತರ ಸರಿಯಿದೆ. ಆದರೆ ಒಂಬತ್ತನೆಯ ತರಗತಿಯ ಮಗು ಇದನ್ನು ಓದಲಾರದು ಎಂಬುದು ಇನ್ನೊಬ್ಬನ ಆಕ್ಷೇಪ. ಅವನಿಗೆ ಬೇಕಾಗಿರುವುದು ಹೀಗೆ:

ಪದ ಶೋಧಕ : → ಎ ಬಿ ಸಿ , ಬಿ ಬಿ * ಎ ಸಿ * 4 * - ;

ಇದನ್ನು ಒಪ್ಪಿದರೆ ಭಾಷೆ ತನ್ನ ಗುಣವನ್ನು ಬಿಟ್ಟುಕೊಟ್ಟಂತೆಯೇ? ಹಾಗೆಯೇ, ಸ್ಟ್ಯಾಕಿನಲ್ಲಿ ಬೆಲೆಗಳು ಸಾಲದೆ ಬರುವ ದೋಷವನ್ನು ಓಡಿಸುವ ಮೊದಲೇ ಹಿಡಿಯುವ ಬಗೆಯನ್ನೂ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಕಂಪೈಲರ್ ಕೆಲಸದವನು, ಚಿಕ್ಕಬಳ್ಳಾಪುರ

ಇಬ್ಬರು ವಿದ್ಯಾರ್ಥಿಗಳೂ ಹೇಳುತ್ತಿರುವುದು ಸರಿ. ಎರಡನೆಯ ರೂಪದಲ್ಲಿ "ಎ ಸಿ *" ಎಂಬ ತುಣುಕನ್ನು ಹೊರಗೆ ತೆಗೆದು ಹೆಸರಿಟ್ಟರೆ, ಎ ಎಂದರೇನು ಎಂಬುದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅಂದರೆ ಆ ಸೀಮೆಯೊಳಗೆ ಕತ್ತರಿಸುವ ಸ್ವಾತಂತ್ರ್ಯ ಹೋಯಿತು. ಆದರೆ ಶೋಧಕ ಎಂಬ ಇಡೀ ಪದವನ್ನು ಹೊರಗಿನಿಂದ ನೋಡಿದರೆ ಅದು ಎಂದಿನಂತೆ ಸ್ಟ್ಯಾಕಿನಿಂದ ಸ್ಟ್ಯಾಕಿಗೆ ಹೋಗುವ ಫಂಕ್ಷನ್ನೇ. ಜೊತೆಗೆ, ಬದಲಾಯಿಸಲಾಗದ ಹೆಸರುಗಳನ್ನು ಯಾಂತ್ರಿಕವಾಗಿ ನಕಲು, ಬಿಡು, ಅದಲುಬದಲು, ಒಳಗೆ ಮುಂತಾದ ಪದಗಳಾಗಿ ಕರಗಿಸುವ ವಿಧಾನ ಕಾಂಬಿನೇಟರ್ ತರ್ಕದ ಕಾಲದಿಂದಲೂ ತಿಳಿದಿದೆ. ಸ್ಲಾವಾ ಪೆಸ್ಟೊವ್ 2003ರಲ್ಲಿ ಆರಂಭಿಸಿದ ಫ್ಯಾಕ್ಟರ್ ಭಾಷೆ ಹೆಸರಿರುವ ಚರಗಳನ್ನು ಇಟ್ಟುಕೊಂಡಿರುವುದು ಹೀಗೆ, ಮೂಲಭಾಷೆಯ ಮೇಲೆ ಕಟ್ಟಿದ ಪದರವಾಗಿ. ಫೋರ್ತ್‌ನ ಮಾನಕದಲ್ಲೂ ಅವಕ್ಕೆ ಅವಕಾಶವಿದೆ. ಆದ್ದರಿಂದ ನನ್ನ ಸಲಹೆ ಖಚಿತವಾಗಿ ಹೀಗಿದೆ: ಹೆಸರುಗಳು ಪದದ ವ್ಯಾಖ್ಯೆಯ ಆರಂಭದಲ್ಲಿ ಮಾತ್ರ ಬರಲಿ, ಒಮ್ಮೆ ಕೊಟ್ಟ ಬೆಲೆ ಬದಲಾಗದಿರಲಿ, ಮತ್ತು ಅವುಗಳನ್ನು ಕರಗಿಸುವ ಹಂತವನ್ನು ವಿದ್ಯಾರ್ಥಿಗಳೇ ಬರೆಯಲಿ. ಆ ಹಂತದ ಫಲಿತಾಂಶವನ್ನು ಪ್ರಾಂಪ್ಟಿನಲ್ಲಿ ತೋರಿಸುವಂತಿದ್ದರೆ, ಓದಲು ಸುಲಭವಾದ ರೂಪದಿಂದ ಮೊದಲ ರೂಪದಂಥದ್ದು ಹೇಗೆ ಹುಟ್ಟುತ್ತದೆ ಎಂಬುದು ಮಕ್ಕಳಿಗೂ ಕಾಣುತ್ತದೆ. ಸೂತ್ರಗಳಿರುವಲ್ಲಿ ಹೆಸರುಗಳು ಬೇಕೇ ಬೇಕು. ಒಂದರ ಹಿಂದೆ ಒಂದು ಹರಿಯುವ ಕೆಲಸಗಳಲ್ಲಿ ಅವು ಬರಿಯ ಅಡಚಣೆ.

ಓಡಿಸುವ ಮೊದಲೇ ದೋಷ ಹಿಡಿಯುವುದು ಖಂಡಿತ ಸಾಧ್ಯ, ಮತ್ತು ಈ ಬಳಗದ ಭಾಷೆಗಳಲ್ಲಿ ಅದು ತುಂಬ ಅಂದವಾಗಿ ಕೂಡಿಬರುತ್ತದೆ. ಪ್ರತಿ ಪದಕ್ಕೂ ಒಂದು ಟೈಪ್, ಅಂದರೆ ಅದು ಏನನ್ನು ಪಡೆದು ಏನನ್ನು ಮರಳಿಸುತ್ತದೆ ಎಂಬ ವಿವರ, ಕೊಡಿ. ಅದರಲ್ಲಿ ಸ್ಟ್ಯಾಕಿನ ಮುಟ್ಟದ ತಳಭಾಗಕ್ಕೆ ಒಂದು ಚರವಿರಲಿ, ಅದನ್ನು "ರ" ಎನ್ನೋಣ, ಕೊಟೇಶನ್ ನಡೆದ ಮೇಲಿನ ತಳಭಾಗವನ್ನು "ಸ" ಎನ್ನೋಣ:

ನಕಲು : ರ ಅ → ರ ಅ ಅ
ಅದಲುಬದಲು : ರ ಅ ಬ → ರ ಬ ಅ
ಒಳಗೆ : ರ ಅ (ರ → ಸ) → ಸ ಅ

ಕೆಳಗೆ ಏನೇ ಇರಲಿ, ಎಷ್ಟೇ ಇರಲಿ, ನಕಲು ಎಂಬ ಪದ ಅದನ್ನು ಮುಟ್ಟುವುದಿಲ್ಲ ಎಂಬ ಭರವಸೆಯನ್ನು ಆ ಒಂದು ಚರ ಕೊಡುತ್ತದೆ. ಎರಡು ಪದಗಳನ್ನು ಜೋಡಿಸಿದಾಗ ಮೊದಲನೆಯದರ ಬಲಭಾಗವನ್ನು ಎರಡನೆಯದರ ಎಡಭಾಗದೊಂದಿಗೆ ಹೊಂದಿಸಿದರೆ ಆಯಿತು. "ನಕಲು *" ಎಂಬಲ್ಲಿ ಗುಣಾಕಾರಕ್ಕೆ ಎರಡು ಸಂಖ್ಯೆಗಳು ಬೇಕಾಗಿರುವುದರಿಂದ ಅ ಎಂಬುದು ಸಂಖ್ಯೆಯಾಗಲೇಬೇಕು, ವರ್ಗ ಎಂಬ ಪದದ ಟೈಪ್ ತಾನಾಗಿಯೇ "ರ ಸಂಖ್ಯೆ → ರ ಸಂಖ್ಯೆ" ಎಂದು ಹೊರಬರುತ್ತದೆ. ಕಂಪೈಲರ್ ಪಾಠದಲ್ಲಿ ಯೂನಿಫಿಕೇಶನ್ (ಹೀಗೆ ಹೊಂದಿಸುವ ವಿಧಾನ) ಹೇಳಿಕೊಡಲು ಇದಕ್ಕಿಂತ ಚಿಕ್ಕದಾದ, ಆದರೂ ನಿಜವಾದ ಸಂದರ್ಭ ಸಿಗುವುದು ಕಷ್ಟ. ಕ್ರಿಸ್ಟೋಫರ್ ಡಿಗ್ಗಿನ್ಸ್ ಅವರ ಕ್ಯಾಟ್ ಭಾಷೆ ಮತ್ತು ಜಾನ್ ಪರ್ಡಿ ಅವರ ಕಿಟನ್ ಭಾಷೆ ಈ ದಾರಿಯಲ್ಲಿ ನಡೆದಿವೆ. ಬ್ರೌಸರುಗಳಲ್ಲಿ ಓಡುವ ವೆಬ್‌ಅಸೆಂಬ್ಲಿ ಕೂಡ ಪ್ರೋಗ್ರಾಮನ್ನು ಓಡಿಸುವ ಮೊದಲು ಸ್ಟ್ಯಾಕಿನ ಆಕಾರವನ್ನು ಹೀಗೆಯೇ ಪರಿಶೀಲಿಸುತ್ತದೆ.

ಟೈಪ್ ಕೊಟ್ಟ ಮೇಲೆ ಕೆಲವು ಪದಗಳನ್ನು ಹೊರಗಿಡಬೇಕಾಗುತ್ತದೆ. "ಆಯ್ಕೆ" ಪದದ ಎರಡೂ ಕೊಟೇಶನ್‌ಗಳಿಗೆ ಒಂದೇ ಟೈಪ್ ಇರಬೇಕು. [ನಕಲು] ಒಂದು ಕಡೆ, [] ಇನ್ನೊಂದು ಕಡೆ ಇದ್ದರೆ ಮುಂದಿನ ಪದಕ್ಕೆ ಸ್ಟ್ಯಾಕಿನ ಎತ್ತರವೇ ತಿಳಿಯುವುದಿಲ್ಲ. ಬೆಲೆ ಸೊನ್ನೆಯಲ್ಲದಿದ್ದರೆ ಮಾತ್ರ ನಕಲು ಮಾಡುವ ಪದವೊಂದು ಫೋರ್ತ್‌ನಲ್ಲಿದೆ, ಸ್ಟ್ಯಾಕಿನ ಇಂತಿಷ್ಟನೆಯ ಬೆಲೆಯನ್ನು ತಾ ಎಂದು ಓಡುವ ಹೊತ್ತಿನಲ್ಲಿ ಕೇಳುವ ಪಿಕ್ ಎಂಬ ಪದವೂ ಇದೆ. ಎರಡಕ್ಕೂ ಮೇಲಿನ ರೀತಿಯ ಟೈಪ್ ಕೊಡಲು ಬರುವುದಿಲ್ಲ. ಅವಿಲ್ಲದೆಯೂ ಎಲ್ಲವನ್ನೂ ಬರೆಯಬಹುದು, ಬಿಟ್ಟುಬಿಡಿ.

ಕೊಟೇಶನ್‌ಗಳ ಬಗ್ಗೆ ಇನ್ನೊಂದು ಸೂಕ್ಷ್ಮವಿದೆ, ಜಾಯ್ ಅನ್ನು ಹಾಗೆಯೇ ಅನುಸರಿಸುವವರು ಇದನ್ನು ಗಮನಿಸಲೇಬೇಕು. ಜಾಯ್‌ನಲ್ಲಿ ಕೊಟೇಶನ್ ಮತ್ತು ಪಟ್ಟಿ ಎರಡೂ ಒಂದೇ. ಹಾಗಾಗಿ [2 3 +] ಎಂಬುದರ ಉದ್ದ ಎಷ್ಟೆಂದು ಕೇಳಿದರೆ 3, [5] ಎಂಬುದರ ಉದ್ದ 1. "2 3 +" ಮತ್ತು "5" ಸಮಾನವಾಗಿದ್ದರೂ, ಆವರಣದೊಳಗೆ ಒಂದರ ಜಾಗದಲ್ಲಿ ಇನ್ನೊಂದನ್ನಿಡುವಂತಿಲ್ಲ ಎಂದಾಯಿತು. ಪ್ರೋಗ್ರಾಮನ್ನು ಬಿಡಿಸಿ ನೋಡುವ, ಬದಲಿಸುವ ಶಕ್ತಿ ಇದರಿಂದ ಬರುತ್ತದೆ ನಿಜ, ಆದರೆ ಸಮಾನವಾದದ್ದನ್ನು ಸಮಾನವಾದದ್ದರಿಂದ ಬದಲಿಸುವ ಬೀಜಗಣಿತ ಆವರಣದ ಬಾಗಿಲಲ್ಲೇ ನಿಂತುಬಿಡುತ್ತದೆ. ಕಲಿಕೆಯ ಭಾಷೆಗೆ ಈ ಬೆಲೆ ತೀರ ಹೆಚ್ಚಾಯಿತೆಂಬುದು ನನ್ನ ದೃಢ ಅಭಿಪ್ರಾಯ. ಕೊಟೇಶನ್ ಅಪಾರದರ್ಶಕವಾಗಿರಲಿ: ಅದನ್ನು ನಡೆಸಬಹುದು, ಇನ್ನೊಂದಕ್ಕೆ ಜೋಡಿಸಬಹುದು, ಒಳಗೆ ಇಣುಕುವಂತಿಲ್ಲ. ಪಟ್ಟಿಗೆ ಬೇರೆ ಆವರಣ ಬಳಸಿ. ಆಗ ಈ ಬಗೆಯ ನಿಯಮಗಳು ಎಲ್ಲೆಡೆ ನಿಲ್ಲುತ್ತವೆ:

ನಕಲು ಬಿಡು = (ಖಾಲಿ)
ನಕಲು ಅದಲುಬದಲು = ನಕಲು
[ಪ] ಒಳಗೆ [ಫ] ಒಳಗೆ = [ಪ ಫ] ಒಳಗೆ

ಕೊನೆಯ ನಿಯಮವನ್ನು ನೋಡಿ, ಎರಡು ಕೆಲಸಗಳನ್ನು ಒಂದಾಗಿಸಲು ಪಠ್ಯವನ್ನು ಪಕ್ಕಪಕ್ಕ ಬರೆದರೆ ಸಾಕಾಯಿತು. ಪಟ್ಟಿಯ ಪ್ರತಿ ಅಂಶದ ಮೇಲೆ ಕೊಟೇಶನ್ ನಡೆಸುವ ಪದಕ್ಕೂ ಇಂಥದೇ ನಿಯಮವಿದೆ; ಆದರೆ ಅಲ್ಲಿ ಕೊಟೇಶನ್‌ಗಳು ತಮ್ಮ ಒಂದು ಅಂಶವನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದು, ಮುದ್ರಣದಂಥ ಹೊರಪರಿಣಾಮಗಳೂ ಇರಬಾರದು. ಪ್ರೋಗ್ರಾಮನ್ನು ಚುರುಕಾಗಿಸುವ ನಿಮ್ಮ ಆಪ್ಟಿಮೈಸರ್ ಎಂಬುದು ಇಂಥ ಸಾಲುಗಳ ಒಂದು ಪಟ್ಟಿಯಾಗಿಯೇ ಉಳಿಯಬಹುದು.

ಮೂಲಪದಗಳು ಎಷ್ಟಿರಬೇಕು ಎಂಬುದು ಮುಂದೆ ಏಳುವ ಪ್ರಶ್ನೆ. ಕೇವಲ ಎರಡು ಕಾಂಬಿನೇಟರುಗಳಿಂದ ಉಳಿದೆಲ್ಲವನ್ನೂ ಕಟ್ಟಬಹುದೆಂದು ಬ್ರೆಂಟ್ ಕರ್ಬಿ ತೋರಿಸಿದ್ದಾರೆ. ಕುತೂಹಲವಿರುವ ವಿದ್ಯಾರ್ಥಿಗೆ ಅದು ಒಳ್ಳೆಯ ಓದು, ಭಾಷೆಗೆ ಬೇಕಿಲ್ಲ. ನಕಲು, ಬಿಡು, ಅದಲುಬದಲು, ಒಳಗೆ, ಕೊಟೇಶನ್ ನಡೆಸುವ "ಮಾಡು", ಎರಡು ಕೊಟೇಶನ್‌ಗಳನ್ನು ಒಂದಾಗಿಸುವ "ಜೋಡಿಸು", ಬೆಲೆಯೊಂದನ್ನು ಕೊಟೇಶನ್ ಆಗಿಸುವ "ಕಟ್ಟು", ಜೊತೆಗೆ "ಆಯ್ಕೆ". ಇಷ್ಟರ ಮೇಲೆ ಉಳಿದದ್ದನ್ನು ಆ ಭಾಷೆಯಲ್ಲೇ ಬರೆಯಲಿ.

ಉತ್ತರ: ಕನ್ನಡ ತಂತ್ರಾಂಶದಲ್ಲಿ ಕೆಲಸ ಮಾಡುವವನು, ತಿಪಟೂರು

ಭಾಷೆಯ ಅರ್ಥದ ಬಗ್ಗೆ ಹಿರಿಯರು ಹೇಳಿದ್ದಾರೆ. ಪದಗಳು ಕನ್ನಡದಲ್ಲಿರುವುದರಿಂದ ಭಾಷೆಯ ಪದಗಳ ಪಟ್ಟಿಯಾದ ನಿಘಂಟಿನ ಹುಡುಕಾಟದಲ್ಲಿ ಏಳುವ ತೊಂದರೆಗಳನ್ನು ನಾನು ತಿಳಿಸುತ್ತೇನೆ. ಪದಗಳನ್ನು ಖಾಲಿ ಜಾಗದಿಂದ ಬೇರ್ಪಡಿಸುವ ಭಾಷೆಯಾದ್ದರಿಂದ ಅಕ್ಷರ ಯಾವ ಲಿಪಿಯದೆಂದು, ಪಠ್ಯವನ್ನು ಪದಗಳಾಗಿ ಬಿಡಿಸುವ ಲೆಕ್ಸರ್ ಕೇಳುವುದೇ ಇಲ್ಲ, ಅದು ದೊಡ್ಡ ಅನುಕೂಲ. ಆದರೆ ಯೂನಿಕೋಡಿನಲ್ಲಿ "ಕೋನ" ಎಂಬ ಪದದ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಸೂಚಕ ಎಂಬ ಮೂರು ಸಂಕೇತಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ, ಬೈಟುಗಳು ಬೇರೆ. ಪದವನ್ನು ನಿಘಂಟಿಗೆ ಸೇರಿಸುವಾಗಲೂ ಹುಡುಕುವಾಗಲೂ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದರೆ ಈ ತೊಂದರೆ ನೀಗುತ್ತದೆ.

ಅರ್ಕಾವೊತ್ತನ್ನು ಬೇರೆ ರೂಪದಲ್ಲಿ ಬರೆಯಲು, "ಸಾಫ್ಟ್‌ವೇರ್" ರೀತಿಯ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಬಳಸುವ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಎನ್‌ಎಫ್‌ಸಿ ತೆಗೆದುಹಾಕುವುದಿಲ್ಲ. ಹುಡುಕಾಟದಲ್ಲಿ ಅವುಗಳನ್ನು ಕಡೆಗಣಿಸುವುದೇ ಕಲಿಕೆಯ ಭಾಷೆಗೆ ಕ್ಷೇಮ. ಕನ್ನಡ ಅಂಕಿಗಳನ್ನು ಸಂಖ್ಯೆಗಳಾಗಿ ಒಪ್ಪಿಕೊಳ್ಳುವುದಾದರೆ ಮತ್ತೊಂದು ಎಚ್ಚರಿಕೆ ಬೇಕು: ಸೊನ್ನೆಯ ಅಂಕಿಯೂ ಅನುಸ್ವಾರವೂ ಹೆಚ್ಚಿನ ಫಾಂಟುಗಳಲ್ಲಿ ಒಂದೇ ರೀತಿ ಕಾಣುತ್ತವೆ. ೧೦ ಎಂದು ಬರೆಯಲು ಹೋಗಿ ಮಗು ಒಂದರ ಮುಂದೆ ಅನುಸ್ವಾರ ಒತ್ತಿದರೆ ಅದು ಸಂಖ್ಯೆಯಾಗದೆ ಗೊತ್ತಿಲ್ಲದ ಪದವಾಗುತ್ತದೆ. ಅಲ್ಲಿ "ಈ ಪದ ಗೊತ್ತಿಲ್ಲ" ಎಂದಷ್ಟೇ ಹೇಳಿದರೆ ಮಗು ಗಂಟೆಗಟ್ಟಲೆ ತಡಕಾಡುತ್ತದೆ, ಆದ್ದರಿಂದ ಅಂಕಿಯ ಪಕ್ಕ ಅನುಸ್ವಾರ ಕಂಡರೆ ದೋಷಸಂದೇಶ ಅದನ್ನೇ ಹೆಸರಿಸಿ ಹೇಳಲಿ.

ಇದನ್ನು ಮುಂದೆ ಕೋಲಾರದವರು ಹೇಳಿದಂಥ ಚಿಪ್ಪುಗಳಿಗೆ ಒಯ್ಯುವ ಆಲೋಚನೆಯಿದ್ದರೆ ಹೆಸರಿನ ಉದ್ದವನ್ನೂ ನೋಡಿಕೊಳ್ಳಿ. ಫೋರ್ತ್‌ನ ಮಾನಕ 31 ಅಕ್ಷರಗಳವರೆಗಿನ ಹೆಸರಿಗೆ ಮಾತ್ರ ಖಾತರಿ ಕೊಡುತ್ತದೆ, ಹಲವು ವ್ಯವಸ್ಥೆಗಳು ಅದನ್ನು ಬೈಟುಗಳಲ್ಲೇ ಎಣಿಸುತ್ತವೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕು, ಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಸೇರುತ್ತವೆ. "ಅದಲುಬದಲು" 24 ಬೈಟುಗಳಲ್ಲಿ ಮುಗಿಯುವುದರಿಂದ ಅದಕ್ಕೆ ತೊಂದರೆಯಿಲ್ಲ. ಹತ್ತು ಸಂಕೇತಗಳನ್ನು ದಾಟಿದ ಯಾವ ಹೆಸರೂ ಅಲ್ಲಿ ಹಿಡಿಸುವುದಿಲ್ಲ.